ಹೊಸ ಎಸ್‌ಯುವಿ ಖರೀದಿಸುವ ಸದಸ್ಯರ ಗಮನಕ್ಕೆ

ಎಲ್ಲ ಸದಸ್ಯರಿಗೂ ಶರಣು ಶರಣಾರ್ಥಿ.

ದೀಪಾವಳಿ ಪಾಡ್ಯದೊಳಗೆ ಎಸ್‌ಯುವಿ ಖರೀದಿಸುವವರು ಬರುವ ರವಿವಾರದೊಳಗೆ ತಮಗೆ ಬೇಕಾದ ಮಾದರಿಯನ್ನು ಇಲ್ಲಿ ತಿಳಿಸಿದರೆ, ಒಂದೇ ಮಾದರಿ ಬಯಸುವವರು ಕೂಡಿಕೊಂಡು ವಿಜಯಪುರ, ಬಾಗಲಕೋಟೆ ಹಾಗೂ ಬೆಳಗಾವಿಯ ಶೋರೂಮ್‌ಗಳಿಂದ ಲಿಖಿತ ದರಪಟ್ಟಿ ತರಿಸಿ ಚೌಕಾಸಿ ಮಾಡಬಹುದು. ದರಪಟ್ಟಿಯಲ್ಲಿ ರಸ್ತೆ ತೆರಿಗೆ, ವಿಮೆ, ಹೆಚ್ಚುವರಿ ಸಾಮಗ್ರಿ ಮತ್ತು ಹ್ಯಾಂಡ್ಲಿಂಗ್ ಶುಲ್ಕಗಳನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳಿ. ವಿಮೆಯ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಅದನ್ನು ಶೋರೂಮಿನಲ್ಲೇ ಮಾಡಿಸಬೇಕೆಂಬ ಕಡ್ಡಾಯವಿಲ್ಲದ ಕಾರಣ, ಹೊರಗಿನ ದರವನ್ನು ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳಿತು. 10 ಲಕ್ಷ ರೂಪಾಯಿ ಮೀರಿದ ವಾಹನಕ್ಕೆ ವಸೂಲು ಮಾಡುವ ಶೇ 1ರ ಟಿಸಿಎಸ್ (ಮಾರುವವರೇ ಖರೀದಿದಾರರಿಂದ ಪಡೆದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಮೊತ್ತವು ಆದಾಯ ತೆರಿಗೆಯಲ್ಲಿ ಹೊಂದಾಣಿಕೆಯಾಗುವುದರಿಂದ ಪ್ಯಾನ್ ಸಂಖ್ಯೆಯನ್ನು ತಪ್ಪಿಲ್ಲದೆ ಕೊಡಿ. ಪೂರ್ತಿ ಹಣ ಕಟ್ಟುವ ಮೊದಲು ವಾಹನ ತಯಾರಾದ ತಿಂಗಳು, ವರ್ಷವನ್ನು ಖಚಿತಪಡಿಸಿಕೊಳ್ಳಿ.

ಈಗಾಗಲೇ ದರಪಟ್ಟಿ ಪಡೆದವರು ಅದರ ಫೋಟೋವನ್ನು ದಯವಿಟ್ಟು ಇಲ್ಲಿ ಹಾಕಬೇಕಾಗಿ ವಿನಂತಿ.