ಮಗಳಿಗೊಂದು ಪತ್ರ: ನಿನಗೆ ಬರಬೇಕಾದ ಶುಲ್ಕದ ಕುರಿತು

ಹನುಮಂತನಗರ, ಬೆಂಗಳೂರು

ಚಿ. ಸುಮಾಳಿಗೆ ಅಪ್ಪನ ಆಶೀರ್ವಾದಗಳು.

ನರ್ಸಿಂಗ್ ಹೋಮಿನವರ ಬಾಕಿಯ ಮಾತು ಬಂದಾಗ ನೀನು ನಿನ್ನೆ ಫೋನಿನಲ್ಲಿ, "ಹೋಗಲಿ ಬಿಡಪ್ಪ, ಡಾಕ್ಟರಾಗಿ ದುಡ್ಡಿಗೆ ಜಗಳವಾಡುವುದು ಚೆನ್ನಾಗಿರುವುದಿಲ್ಲ" ಎಂದೆ. ರಾತ್ರಿಯೆಲ್ಲ ಆ ಮಾತು ನನ್ನನ್ನು ಕೊರೆಯಿತು. ಅಪರಾತ್ರಿಯಲ್ಲಿ ಕರೆ ಬಂದರೂ ಎದ್ದು ಹೋಗಿ ಅರಿವಳಿಕೆ ಕೊಟ್ಟು ಬಂದವಳು ನೀನು. ಅದರ ಶುಲ್ಕ ಕೇಳಲು ನಿನಗೇಕೆ ಸಂಕೋಚ? ಸಿವಿಲ್ ನ್ಯಾಯಾಲಯದ ಕಚೇರಿಯಲ್ಲಿ ಮೂವತ್ತು ವರ್ಷ ಕಡತ ನೋಡಿದವನಾಗಿ ನನಗೆ ತಿಳಿದಷ್ಟನ್ನು ಬರೆಯುತ್ತಿದ್ದೇನೆ.

ನಿನ್ನ ಕರಾರುಪತ್ರವನ್ನು ಎರಡು ಸಲ ಓದಿದೆ. ವಿಮಾ ಕಂಪನಿ ಬಿಲ್ಲಿನಲ್ಲಿ ಕಡಿತ ಮಾಡಿದ್ದರಿಂದ ನಿನಗೂ ಕೊಡಲಾಗದು ಎಂದು ಅವರು ಹೇಳುತ್ತಾರಷ್ಟೆ. ಅಂಥ ಷರತ್ತು ಅದರಲ್ಲಿ ಎಲ್ಲಿಯೂ ಇಲ್ಲ. ಪ್ರತಿ ಕೇಸಿಗೆ ಇಷ್ಟೆಂದು, ಮುಂದಿನ ತಿಂಗಳ 10ನೇ ತಾರೀಖಿನೊಳಗೆ ಪಾವತಿಸಬೇಕೆಂದು ಇದೆ. ಕರಾರಿನ ಅವಧಿ ಮುಗಿದ ಮೇಲೂ ಅವರು ಕರೆದಾಗಲೆಲ್ಲ ಹೋದೆಯಲ್ಲ, ಆ ಕೇಸುಗಳಿಗೂ ಆಧಾರವಿದೆ: ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ನ್ಯಾಯಬದ್ಧವಾಗಿ ಮಾಡಿಕೊಟ್ಟ ಕೆಲಸದ ಲಾಭ ಪಡೆದವರು ಅದಕ್ಕೆ ಪ್ರತಿಫಲ ಕೊಡಬೇಕೆಂದು 1872ರ ಕರಾರು ಕಾಯ್ದೆಯ 70ನೇ ಕಲಮು ಹೇಳುತ್ತದೆ.

ನನ್ನ ಆತಂಕ ಗಡುವಿನದು. 1963ರ ಲಿಮಿಟೇಷನ್ ಕಾಯ್ದೆಯಂತೆ ಇಂಥ ಹಣಕ್ಕೆ ಮೂರು ವರ್ಷದೊಳಗೆ ದಾವೆ ಹೂಡಬೇಕು, ಮತ್ತು ನಿನ್ನ ವಿಷಯದಲ್ಲಿ ಒಂದೊಂದು ತಿಂಗಳ ಬಾಕಿಗೂ ಒಂದೊಂದು ಗಡುವು. 2023ರ ಜೂನ್ ಕೇಸುಗಳ ಹಣ ಜುಲೈ 10ರೊಳಗೆ ಬರಬೇಕಿತ್ತು. ಅದಕ್ಕೆ 2026ರ ಜುಲೈನಲ್ಲಿ ಮೂರು ವರ್ಷ ತುಂಬುತ್ತದೆ, ಆಮೇಲೆ ಬಾಕಿಗಳು ತಿಂಗಳಿಗೊಂದರಂತೆ ಕೈಬಿಟ್ಟು ಹೋಗುತ್ತವೆ. "ಮುಂದಿನ ತಿಂಗಳು ನೋಡೋಣ ಮೇಡಂ" ಎಂಬ ಬಾಯಿಮಾತಿನಿಂದಾಗಲಿ, ವಕೀಲರ ನೋಟಿಸಿನಿಂದಾಗಲಿ ಆ ಗಡುವು ಒಂದು ದಿನವೂ ಮುಂದೆ ಹೋಗುವುದಿಲ್ಲ. ಅವಧಿ ಮುಗಿಯುವ ಮೊದಲು ಬಾಕಿಯನ್ನು ಒಪ್ಪಿ ಅವರು ಬರಹದಲ್ಲಿ ಸಹಿ ಹಾಕಿಕೊಟ್ಟರೆ ಅಂದಿನಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ನ್ಯಾಯವಾದ ಹಕ್ಕಿದ್ದೂ ತಡವಾಗಿ ಬಂದು ಬರಿಗೈಯಲ್ಲಿ ಮರಳಿದವರ ಮುಖಗಳು ನನಗೆ ಇನ್ನೂ ಮರೆತಿಲ್ಲ.

ಸಾಕ್ಷಿಗೆ ಕೊರತೆಯಿಲ್ಲ. ನಿನ್ನ ನೀಲಿ ರಟ್ಟಿನ ನೋಟ್‌ಪುಸ್ತಕದಲ್ಲಿ ತಾರೀಖು, ರೋಗಿಯ ಐಪಿ (ಒಳರೋಗಿ) ನಂಬರ್, ಶಸ್ತ್ರಚಿಕಿತ್ಸೆ ಶುರುವಾದ ಮತ್ತು ಮುಗಿದ ಹೊತ್ತು, ಪಕ್ಕದಲ್ಲಿ ಆಪರೇಷನ್ ಥಿಯೇಟರಿನ ಸಿಸ್ಟರ್‌ರ ಪುಟ್ಟ ಸಹಿ, ಎಲ್ಲವೂ ಇವೆ. ಒಂದು ಪುಟದ ಮೇಲೆ ಅಯೋಡಿನ್ ಕಲೆಯೂ ಇದೆ. ಅದನ್ನು ಹರಿದು ಬೇರೆ ಬರೆಯಬೇಡ, ಇದ್ದ ಹಾಗೆಯೇ ಇರಲಿ. ಇನ್ನೊಂದು, ನಿನ್ನ ಹೆಸರಿನಲ್ಲಿ ಕಟ್ಟಿದ ತೆರಿಗೆಯನ್ನು ತೋರಿಸುವ ಆದಾಯ ತೆರಿಗೆ ಇಲಾಖೆಯ 26ಎಎಸ್ ಪಟ್ಟಿಯನ್ನು ನೋಡಿದೆ. ಹಣ ಕೊಡದ ತಿಂಗಳುಗಳಿಗೂ ಅವರು ಶೇ. 10ರಂತೆ ಟಿಡಿಎಸ್ (ಶುಲ್ಕದಲ್ಲೇ ಮುರಿದುಕೊಳ್ಳುವ ತೆರಿಗೆ) ಕಟ್ಟಿದ್ದಾರೆ, ಎಂದರೆ ತಮ್ಮ ಲೆಕ್ಕದಲ್ಲಿ ಆ ಮೊತ್ತವನ್ನು ನಿನ್ನ ಹೆಸರಿಗೆ ಜಮಾ ತೋರಿಸಿದ್ದಾರೆ. ಅದೊಂದೇ ಸಾಲದು, ಆದರೆ ಪುಸ್ತಕದ ಜೊತೆಗಿಟ್ಟರೆ ಬಲವಾಗುತ್ತದೆ.

ದಾವೆ ಹಾಕಿದ ಮೇಲೂ ನ್ಯಾಯಾಲಯ ನಿಮ್ಮನ್ನು ಇಲ್ಲಿನ ನ್ಯಾಯ ದೇಗುಲ ಕಟ್ಟಡದಲ್ಲಿರುವ ಮಧ್ಯಸ್ಥಿಕೆ ಕೇಂದ್ರಕ್ಕೆ ರಾಜಿ ಮಾತುಕತೆಗೆ ಕಳುಹಿಸಬಹುದು. ಅಲ್ಲಿ ಕಂತಿನಲ್ಲಿ ಕೊಡುತ್ತೇವೆಂದರೆ ಒಪ್ಪಿಕೋ, ಬಡ್ಡಿಯನ್ನು ಬೇಕಾದರೆ ಬಿಡು, ಅಸಲನ್ನು ಮಾತ್ರ ಬಿಡಬೇಡ.

ಶನಿವಾರ ಕರಾರಿನ ಮೂಲಪ್ರತಿಯನ್ನೂ ನೋಟ್‌ಪುಸ್ತಕವನ್ನೂ ತೆಗೆದುಕೊಂಡು ಬಾ. ತಿಂಗಳುವಾರು ಪಟ್ಟಿಗೆ ನಾನು ಆಗಲೇ ಗೆರೆ ಹಾಕಿಟ್ಟಿದ್ದೇನೆ, ಕೇಸುಗಳನ್ನು ನೀನು ಓದಿ ಹೇಳಿದರೆ ನಾನು ಬರೆದುಕೊಳ್ಳುತ್ತೇನೆ.

ಇಂತಿ,
ನಿನ್ನ ಅಪ್ಪ