ಹೊಲ ಪಾಲಾಗುವ ದಿನವೇ ದಾರಿಯೂ ನಕ್ಷೆಗೆ ಬರಲಿ: ಗದಗ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ದಾರಿಯ ಜಗಳ ಕಣ್ಣಿಗೆ ಬೀಳುವುದು ಹೆಸರುಕಾಳಿನ ರಾಶಿಗೆ ಮಷಿನ್ ಬಂದು ಬದುವಿನ ಬಳಿ ನಿಂತಾಗ. ಹುಟ್ಟುವುದು ಮಾತ್ರ ಹಿಸ್ಸೆಯಾದ ದಿನ. ಎಂಟು ಎಕರೆ ಹೊಲವನ್ನು ನಾಲ್ವರು ಅಣ್ಣತಮ್ಮಂದಿರು ಅಡ್ಡಕ್ಕೆ ಸೀಳಿಕೊಂಡರೆ ರಸ್ತೆ ಮುಟ್ಟುವುದು ಮುಂದಿನ ತುಂಡು ಒಂದೇ. ಪಾಲಿಗೆ ಮೊದಲು ಸರ್ವೆಯವರು ಮಾಡಿಕೊಡುವ 11ಇ ನಕ್ಷೆಯಲ್ಲಿ ನಾಲ್ಕರ ಅಳತೆಯೂ ಚಕ್ಬಂದಿಯೂ (ನಾಲ್ಕು ದಿಕ್ಕಿನ ಎಲ್ಲೆ) ಇರುತ್ತವೆ. ಹಿಂದಿನ ಮೂವರು ಎಲ್ಲಿ ಹಾಯಬೇಕೆಂಬುದು ಇರುವುದಿಲ್ಲ.

"ಹೋಗ್ರೆಪಾ, ಯಾರ್ ಬ್ಯಾಡ ಅಂತಾರ" ಎಂಬ ಮಾತಿನ ಮೇಲೆ ಒಂದು ತಲೆಮಾರು ನಡೆಯುತ್ತದೆ. ಕೋರ್ಟಿನಲ್ಲಿ ಆ ದೊಡ್ಡ ಮನಸ್ಸೇ ಮುಳುವು. ಬೇರೆಯವರ ಜಮೀನಿನಲ್ಲಿ ಹಾಯುವಂಥ ಹಕ್ಕುಗಳ ಕಾನೂನಾದ 1882ರ ಈಸ್‌ಮೆಂಟ್ ಕಾಯ್ದೆಯ 15ನೇ ಕಲಂಗೆ ಬೇಕಾದದ್ದು 20 ವರ್ಷ ಎಲ್ಲರೆದುರು, ತಡೆಯಿಲ್ಲದೆ, ಹಕ್ಕಿನಿಂದ ಓಡಾಡಿದ್ದು. ಒಪ್ಪಿಗೆಯ ಮೇಲೆ ಓಡಾಡಿದ್ದು ಲೆಕ್ಕಕ್ಕಿಲ್ಲ. ಪಾಲಾದ ಹೊಲಕ್ಕೆ 13ನೇ ಕಲಂ ಅನಿವಾರ್ಯದ ದಾರಿ ಕೊಡುತ್ತದೆ ನಿಜ, ಆದರೆ 28ನೇ ಕಲಂ ಅದನ್ನು ಪಾಲಾದ ಕಾಲದ ಅಗತ್ಯಕ್ಕೆ ಕಟ್ಟಿಹಾಕುತ್ತದೆ. ಪಾಲಾದದ್ದು ಚಕ್ಕಡಿಯ ಕಾಲದಲ್ಲಿ, ಈಗ ಬರುವುದು ಹಾರ್ವೆಸ್ಟರ್.

ಗ್ರಾಮ ನಕಾಶೆಯ ಬಂಡಿದಾರಿಯ ಮಾತು ಬೇರೆ. ದಾರಿಗೆಂದು 'ಬಿ' ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿಗಲ್ಲದ ಜಾಗ) ತೆಗೆದಿಟ್ಟಿದ್ದರೆ ಅದು ಸಾರ್ವಜನಿಕರದು, ಉತ್ತಿದ್ದರೆ ಒತ್ತುವರಿ. ಅರ್ಜಿಯಲ್ಲಿ ಈ ಬಂಡಿದಾರಿಯನ್ನೂ ಹಿಸ್ಸೆಯ ದಾರಿಯನ್ನೂ ಕಲಸಿದರೆ "ಸಿವಿಲ್ ಕೋರ್ಟಿಗೆ ಹೋಗಿ" ಎಂಬ ಹಿಂಬರಹ ಕಟ್ಟಿಟ್ಟದ್ದು. ಅರ್ಜಿಯ ನಮೂನೆಯಲ್ಲೇ ಇವನ್ನು ಬೇರೆ ಮಾಡಿಸಿ.

ನಮ್ಮ ಮುಖ್ಯ ಬೇಡಿಕೆ ಇಷ್ಟು: ರಸ್ತೆ ಮುಟ್ಟದ ತುಂಡಿದ್ದರೆ 11ಇ ನಕ್ಷೆಯಲ್ಲೇ ದಾರಿಯ ಗೆರೆ, ಅಗಲ, ಎಲ್ಲ ಹಿಸ್ಸೇದಾರರ ಸಹಿ ಇರಲಿ, ಖರೀದಿ ಪತ್ರದ ಶೆಡ್ಯೂಲಿಗೂ ಅದೇ ಇಳಿಯಲಿ. ಮೇಲೆ ಹೇಳಿದ ಎಂಟು ಎಕರೆ ಹೊಲ 16 ಸರಪಳಿ (ಸರಪಳಿಗೆ 33 ಅಡಿ) ಆಳವಿದ್ದರೆ ಕೊನೆಯವನನ್ನು ಮುಟ್ಟಲು 12 ಸರಪಳಿ, ಅಂದರೆ 396 ಅಡಿ ದಾರಿ ಬೇಕು. ಬದುವಿನ ಗುಂಟ 10 ಅಡಿ ಬಿಟ್ಟರೆ ಹೋಗುವುದು ಮೂರೂವರೆ ಗುಂಟೆಗೆ ತುಸು ಹೆಚ್ಚು. ನಾಲ್ವರೂ ಹೊತ್ತರೆ ತಲಾ ಒಂದು ಗುಂಟೆಯೂ ಇಲ್ಲ. ವಕೀಲರ ಮೊದಲ ಫೀಸಿಗಿಂತ ಇದು ಅಗ್ಗವೆಂದು ನಮ್ಮ ಅಂದಾಜು.

ಇನ್ನೊಂದು, ಅವಧಿಯದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 166ನೇ ಕಲಂ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 147) ಅಡಿ ಮ್ಯಾಜಿಸ್ಟ್ರೇಟರು ಅಡ್ಡಿ ತೆಗೆಸಬೇಕಾದರೆ, ಹಂಗಾಮಿನ ದಾರಿಯನ್ನು ದೂರಿಗೆ ಹಿಂದಿನ ಹಂಗಾಮಿನಲ್ಲಿ ಬಳಸಿರಬೇಕು. ಒಂದು ಹಂಗಾಮು ಸುಮ್ಮನೆ ಕುಳಿತರೆ ಆ ಬಾಗಿಲು ಮುಚ್ಚಿತು. ಮೇಲಾಗಿ ಇದು ಎರಿ (ಕಪ್ಪು ಮಣ್ಣಿನ) ಭೂಮಿ: ಒಮ್ಮೆ ಕುಂಟೆ ಹೊಡೆದು ಒಂದು ಮಳೆ ಬಿದ್ದರೆ ಗಾಲಿಯ ಜಾಡು ಉಳಿಯುವುದಿಲ್ಲ. ಆದ್ದರಿಂದ ದೂರು ಬಂದ ವಾರದೊಳಗೆ, ಮುಂದಿನ ಬಿತ್ತನೆಗೆ ಮೊದಲು, ಗ್ರಾಮ ಆಡಳಿತ ಅಧಿಕಾರಿಗಳು (ಹಿಂದಿನ ಗ್ರಾಮ ಲೆಕ್ಕಿಗರು) ಫೋಟೊ ಸಮೇತ ಸ್ಥಳ ಪಂಚನಾಮೆ ಮಾಡಲಿ.

ಇತಿ,
ಗದಗ ಜಿಲ್ಲೆಯ ಎರಿ ಹೊಲದ ರೈತರು