ಹೊಲಿಗೆ ಕ್ಲಾಸಿಗೆ ಹೋಗುವ ಮುಂಚೆ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಏಳನೇ ಕ್ಲಾಸಿನ ಮಕ್ಕಳಿಗೆ ಹೊಲಿಗೆ ಕಲಿಸುವ ಕೆಲಸ ನಿನಗೆ ಬಂದಿದೆ ಅಂತ ನಿಮ್ಮಮ್ಮ ಫೋನ್ ಮಾಡಿ ಹೇಳಿದಳು. ತುಂಬಾ ಖುಷಿಯಾಯಿತು. ನಾನು ಹೊಲಿಗೆ ಟೀಚರ್ ಆಗಿಯೇ ರಿಟೈರ್ ಆದವಳು ಅಲ್ವಾ, ಅದಕ್ಕೇ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮಗುವಿನ ಕೈಯಿಂದ ಬಟ್ಟೆ ಇಸಿದುಕೊಂಡು ನೀನು ಹೊಲಿದು ಕೊಡಬೇಡ. ಕ್ಲಾಸಿನ ಮಕ್ಕಳೆಲ್ಲ "ಮಿಸ್, ದಾರ ಗಂಟಾಯ್ತು" ಅಂತ ಮುತ್ತಿಕೊಂಡಾಗ ನಾವೇ ಸರಸರ ಮಾಡಿ ಕೊಡುವುದು ಸುಲಭ ಅನ್ನಿಸುತ್ತದೆ, ಹೊಲಿಗೆಯೂ ಚೆಂದ ಬರುತ್ತದೆ, ಆದರೆ ಮಗುವಿನ ಕೈಗೆ ಏನೂ ಹತ್ತುವುದಿಲ್ಲ. ನಿನ್ನದೇ ಒಂದು ತುಂಡು ಬಟ್ಟೆ ಇಟ್ಟುಕೋ, ಅದರ ಮೇಲೆ ತೋರಿಸು. ಸೊಟ್ಟಗೆ ಬಂದರೆ ಅವರೇ ಬಿಚ್ಚಲಿ, ಅವರೇ ಮತ್ತೆ ಹೊಲಿಯಲಿ.

ಅರ್ಧ ಗೋಳು ದಾರದ್ದೇ. ಪದೇ ಪದೇ ಪೋಣಿಸುವ ಕಷ್ಟ ಬೇಡ ಅಂತ ಮಕ್ಕಳು ಮಾರುದ್ದ ದಾರ ಎಳೆದುಕೊಳ್ಳುತ್ತಾರೆ, ಅದು ಸಿಕ್ಕಾಗುತ್ತದೆ. ಒಂದು ಮೊಳ ಸಾಕು. ಅವರವರ ಮೊಳಕೈಯಲ್ಲೇ ಅಳೆಯಲಿ. ಸೂಜಿಯನ್ನು ಮೇಲೆ ಕೆಳಗೆ ಹಾಯಿಸುತ್ತಾ ಹೋಗುವ ರನ್ನಿಂಗ್ ಹೊಲಿಗೆಗೆ ಮೊದಲು ಚೌಕುಳಿ ಬಟ್ಟೆ ಕೊಡು, ಹಳೇ ಲುಂಗಿಯಾದರೂ ಆಗುತ್ತದೆ. ಗೆರೆ ಹಿಡಿದು ಹೊಲಿಯುತ್ತಾ ಹೋದರೆ ಕೈ ತಾನಾಗಿ ನೇರಕ್ಕೆ ಬರುತ್ತದೆ.

ಆಮೇಲೆ ಗುಂಡಿ. ಕರ್ಚೀಫಿನ ಮೇಲೆ ಹೂವು ಹಾಕಿಸುವುದು ನಿಧಾನಕ್ಕಾಗಲಿ, ಮೊದಲು ಅವರ ಯೂನಿಫಾರ್ಮಿನಲ್ಲೇ ಕಿತ್ತುಹೋದ ಗುಂಡಿ ಹಚ್ಚಿಸು. ಎಲ್ಲರೂ ಗುಂಡಿಯನ್ನು ಬಟ್ಟೆಗೆ ಬಿಗಿಯಾಗಿ ಅಂಟಿಸಿದ ಹಾಗೆ ಹೊಲಿಯುತ್ತಾರೆ, ಆಮೇಲೆ ಕಾಜಾದೊಳಗೆ ತೂರುವುದೇ ಇಲ್ಲ. ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಇಟ್ಟು, ಕಡ್ಡಿಯ ಮೇಲಿಂದಲೇ ದಾರ ಹಾಯಿಸಿ ಹೊಲಿಯಬೇಕು. ಹೊಲಿದಾದ ಮೇಲೆ ಕಡ್ಡಿ ಎಳೆದು, ಗುಂಡಿ ಎತ್ತಿ, ಅದರ ಕೆಳಗೆ ದಾರವನ್ನು ಮೂರು ನಾಲ್ಕು ಸುತ್ತು ಸುತ್ತಿ ಗಂಟು ಹಾಕಿದರೆ ಗುಂಡಿ ಸಲೀಸಾಗಿ ನಿಲ್ಲುತ್ತದೆ. ಆ ಶರ್ಟು ಹಾಕಿಕೊಂಡು ಮನೆಗೆ ಹೋಗುವ ಹುಡುಗನ ಮುಖ ನೋಡು ಬೇಕಾದರೆ!

ಹುಡುಗ ಅಂದೆ, ಬೇಕಂತಲೇ ಅಂದೆ. ಹುಡುಗಿಯರಿಗೆ ಹೊಲಿಗೆ, ಹುಡುಗರಿಗೆ ಆಟ ಅಂತ ಯಾರಾದರೂ ಹೇಳಿದರೆ ಒಪ್ಪಬೇಡ. ನಮ್ಮ ಪೇಟೆಯಲ್ಲಿ ಟೈಲರ್ ಅಂಗಡಿ ಇಟ್ಟವರಲ್ಲಿ ಗಂಡಸರು ಎಷ್ಟು ಜನ ಅಂತ ಕೇಳು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ 6ರಿಂದ 8ನೇ ತರಗತಿಯ ಮಕ್ಕಳಿಗೆ 10 ದಿನ ಬ್ಯಾಗ್ ಇಲ್ಲದೆ ಕೈಕಸುಬು ಪರಿಚಯಿಸಬೇಕು ಅಂತಿದೆ, ಅಲ್ಲಿ ಗಂಡು ಹೆಣ್ಣು ಅಂತ ಭೇದ ಮಾಡಿಲ್ಲ.

ಎಡಗೈಯ ಮಕ್ಕಳನ್ನು ಬಲಗೈಗೆ ತಿರುಗಿಸಲು ಹೋಗಬೇಡ. ಅವರ ಪಕ್ಕದಲ್ಲಿ ಕೂರದೆ ಎದುರಿಗೆ ಕೂತು ತೋರಿಸು, ಕನ್ನಡಿಯಲ್ಲಿ ನೋಡಿದ ಹಾಗೆ ಅವರಿಗೆ ಸರಿಯಾಗಿ ಕಾಣುತ್ತದೆ.

ಮಿಷಿನ್ ಮುಂದೆ ಕೂರಿಸಿದಾಗ ಮೊದಲು ದಾರವೇ ಬೇಡ. ಹಳೇ ಸೂಜಿ ಹಾಕಿ, ಗೆರೆ ಇರುವ ನೋಟ್‌ಬುಕ್ ಹಾಳೆಯ ಮೇಲೆ ಓಡಿಸಲಿ. ಕಾಲಿನ ತುಳಿತ ಹದಕ್ಕೆ ಬರಬೇಕು, ಚಕ್ರ ಹಿಂದಕ್ಕೆ ತಿರುಗಬಾರದು, ಅಷ್ಟು ಬಂದರೆ ಉಳಿದದ್ದು ಬೇಗ ಬರುತ್ತದೆ. ಅಡಿಯಲ್ಲಿ ದಾರ ಗೂಡು ಕಟ್ಟಿದರೆ ಅಡಿ ದಾರ ಸುತ್ತಿದ ಬಾಬಿನ್ ಬಿಚ್ಚುವ ಮುಂಚೆ ಮೇಲಿನ ದಾರ ಸರಿಯಾಗಿ ಪೋಣಿಸಿದೆಯಾ ನೋಡು, ಜಾಸ್ತಿ ಸಲ ತಪ್ಪು ಅಲ್ಲೇ ಇರುತ್ತದೆ.

ವರ್ಷದ ಕೊನೆಗೆ ಸಮಯ ಉಳಿದರೆ ಕಸೂತಿ ಹಿಡಿಸು. ಮ್ಯಾಟಿ ಅಂದರೆ ಎಳೆಗಳು ಬಿಡಿಬಿಡಿಯಾಗಿ ಕಾಣುವ ಬಟ್ಟೆ, ಅದರ ಮೇಲೆ ಎಳೆ ಎಣಿಸಿ ಗವಂತಿ ಅನ್ನುವ ಹೊಲಿಗೆ ಹಾಕಿಸು, ಸಾಕು. ಹೋಗುವಾಗ ಒಂದು ಬಿಟ್ಟು ಒಂದು ಹೊಲಿದು, ಬರುವಾಗ ಬಿಟ್ಟ ಜಾಗ ತುಂಬಿಕೊಂಡು ಬರಬೇಕು, ಗಂಟು ಹಾಕುವ ಹಾಗಿಲ್ಲ, ಮುಂದೆಯೂ ಹಿಂದೆಯೂ ಒಂದೇ ಥರ ಕಾಣಬೇಕು. ಧಾರವಾಡದ ಕಡೆಯ ಅಜ್ಜಿಯರು ಇಳಕಲ್ ಸೀರೆ ಮೇಲೆ ಹಾಕುತ್ತಿದ್ದದ್ದು ಇದೇ ಅಂತ ಹೇಳು, ಯಾರ ಮನೆಯಲ್ಲಾದರೂ ಅಂಥ ಸೀರೆ ಇದ್ದರೆ ತರಿಸಿ ತೋರಿಸು.

ಸೂಜಿಗಳನ್ನು ಮಾತ್ರ ಎಣಿಸಿ ಕೊಡು, ಎಣಿಸಿ ತಗೋ. ಒಂದು ಕಮ್ಮಿ ಬಂದರೆ ಬೆಲ್ ಹೊಡೆದರೂ ಸರಿ, ಸಿಗುವ ತನಕ ಹುಡುಕು. ಒಂದು ಅಯಸ್ಕಾಂತ ಇಟ್ಟುಕೊಂಡಿರು, ಅದೇ ಕೋಣೆಯಲ್ಲಿ ಮಕ್ಕಳು ಬರಿಗಾಲಲ್ಲಿ ಓಡಾಡುತ್ತಾರೆ.

ನಿನ್ನ ದೊಡ್ಡಮ್ಮ